ಮೂಗು ಮುಚ್ಚದವನು

ಬಿಣಗಾ ದಾಟಿ ಬಸ್ಸು ಸುರಂಗದೊಳಗೆ ನುಗ್ಗಿದ ಕೂಡಲೇ ಹೀರಾಳ ಕೈ ಅವಳನ್ನು ಕೇಳದೆಯೇ ಕುತ್ತಿಗೆಗೆ ಹೋಯಿತು. ಸರ ಇತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಅವರ್ಸಾದಲ್ಲಿ ಹತ್ತಿದಾಗಲೂ ಇತ್ತು, ಅಮದಳ್ಳಿಯಲ್ಲಿ ಮುಟ್ಟಿ ನೋಡಿದಾಗಲೂ ಇತ್ತು, ಅರಗಾದಲ್ಲಿ ಒಬ್ಬ ಹತ್ತಿ ಅವಳ ಪಕ್ಕದ ಕಂಬಿ ಹಿಡಿದು ನಿಂತಾಗಲಂತೂ ಚರ್ಮಕ್ಕೆ ಕಚ್ಚಿಕೊಂಡೇ ಇತ್ತು. ಆದರೂ ಕತ್ತಲೆ ಅಂದರೆ ಕತ್ತಲೆಯೇ. ಸುರಂಗದ ದೀಪಗಳು ಒಂದರ ಹಿಂದೆ ಒಂದು ಬಂದು ಎಲ್ಲರ ಮುಖಕ್ಕೂ ಅರಿಶಿನ ಬಳಿದು ಹೋಗುತ್ತಿದ್ದವು. ಆ ಬೆಳಕಿನಲ್ಲಿ ನೋಡಿದರೆ ಗೋವೆಯಿಂದ ಭಟ್ಕಳದವರೆಗಿನ ಕಳ್ಳರೆಲ್ಲ ಆಯ್ತವಾರದ ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ಇದೇ ಬಸ್ಸು ಹತ್ತಿದಂತೆ ಕಾಣುತ್ತಿತ್ತು. ಮುಂದಿನ ಸೀಟಿನ ಟೊಪ್ಪಿಗೆಯವನು ಅವರ್ಸಾದಿಂದ ಒಮ್ಮೆಯೂ ಹಿಂದೆ ತಿರುಗಿರಲಿಲ್ಲ. ಹೀಗೆ ನೋಡದೆ ಕೂರುವವನ ಮೇಲೆಯೇ ಹೀರಾಳಿಗೆ ಹೆಚ್ಚು ಸಂಶಯ. ನೋಡುವವನಾದರೆ ನೋಡಿ ಮುಗಿಸುತ್ತಾನೆ. ನೋಡದೆ ಕೂತವನು ಒಳಗೊಳಗೇ ಏನೋ ಹೊಂದಿಸುತ್ತಿರುತ್ತಾನೆ. ಸರ ಹಾಕಿಕೊಂಡು ಹೊರಟಿದ್ದೇ ತಪ್ಪಾಯಿತೇನೋ. ವಿನುತಾ ಬೆಳಿಗ್ಗೆ ಹೇಳಿದ್ದಳು. ಸೊಸೆ ಹೇಳಿದ್ದೆಂಬ ಒಂದೇ ಕಾರಣಕ್ಕೆ ಅದು ಕಿವಿಯೊಳಗೆ ಇಳಿದಿರಲಿಲ್ಲ.

"ಅತ್ತೆ, ಸರ ಮನೇಲೇ ಇಟ್ಟು ಹೋಗಿ. ರಂಜನಾ ಅತ್ತೆಗೆ ಆದದ್ದು ನೋಡ್ಲಿಲ್ವಾ?"

"ನನ್ನ ಕುತ್ತಿಗಿಗೆ ಕೈ ಹಾಕೂ ಗಂಡ್ಸು ಹುಟ್ಟಿದ್ದು ಒಬ್ನೇ. ಅಂವ ಸತ್ತ," ಎಂದು ಹೀರಾ ಸೆರಗು ಕೊಡವಿದ್ದಳು. ಹಾಗೆ ಅಂದ ಮೇಲೆ ಸರ ತೆಗೆದಿಡುವುದಾದರೂ ಹೇಗೆ? ಗಂಡ ತುಳಸಿದಾಸ ಹೋದ ಮೇಲೆ ತಾಳಿಯ ಬಂಗಾರವನ್ನೇ ಕರಗಿಸಿ ಮಾಡಿಸಿದ ಸರ ಅದು. ಎಲ್ಲರೂ ತಾಳಿ ತೆಗೆಸಿದರು, ಬಂಗಾರವನ್ನು ಯಾರಿಂದಲೂ ತೆಗೆಸಲಾಗಲಿಲ್ಲ. ಆ ಮನುಷ್ಯ ಬದುಕಿದ್ದಾಗ ಕುತ್ತಿಗೆಗೆ ಇಷ್ಟು ಹತ್ತಿರ ಇದ್ದವನೇ ಅಲ್ಲ, ಕಡಲಲ್ಲಿದ್ದದ್ದೇ ಹೆಚ್ಚು. ಈಗ ಮೀನು ತೂಗುವಾಗ, ಬಾಗಿದಾಗ, ಗಂಟಲಿಗೆ ತಾಗಿ ತಾಗಿ ಮಾತಾಡಿಸುತ್ತಿದ್ದ.

ರಂಜನಾ ತುಳಸಿದಾಸನ ತಂಗಿ, ಅಂಕೋಲೆಗೆ ಕೊಟ್ಟವಳು. ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಒಂದು ಬೈಕು, ಅದರ ಮೇಲೆ ಇಬ್ಬರು, ಅವಳನ್ನು ರಸ್ತೆಯಲ್ಲಿ ನಿಲ್ಲಿಸಿದ್ದರು. ನಾವು ಪೊಲೀಸರು, ಮುಂದೆ ಕಳ್ಳರ ಕಾಟ, ಬಂಗಾರ ಬಿಚ್ಚಿ ಕಾಗದದಲ್ಲಿ ಕಟ್ಟಿ ಚೀಲದಲ್ಲಿಟ್ಟುಕೊಳ್ಳಿ ಅಂದಿದ್ದರು. ಪಾಪ, ಅವರೇ ಕಟ್ಟಿಯೂ ಕೊಟ್ಟಿದ್ದರು. ಮನೆಗೆ ಹೋಗಿ ಬಿಚ್ಚಿದರೆ ಜಲ್ಲಿಕಲ್ಲು. ಹೀರಾ ಇದನ್ನು ಅಂಕೋಲೆಯ ಮೀನು ಪೇಟೆಯಲ್ಲಿ ಹೇಳುವಷ್ಟರಲ್ಲಿ ಜಲ್ಲಿ ಬೆಳೆದು ಬಂಡೆಯಾಗಿತ್ತು. ಅವಳ ಕಥೆಯಲ್ಲಿ ರಂಜನಾ ಅದಕ್ಕೆ ಕುಂಕುಮ ಹಚ್ಚಿ ದೇವರ ಪಕ್ಕದಲ್ಲಿ ಕೂರಿಸಿದಳು. ಹೊರಟು ನಿಂತ ಕಳ್ಳರನ್ನು 'ಆಸ್ರಿಗೆ ಕುಡ್ಕಂಡು ಹೋಗ್ರಾ' ಎಂದು ತಡೆದು ಪಾನಕ ಕೊಟ್ಟಳು. ಹೆಂಗಸರು ನಕ್ಕು ನಕ್ಕು ಮೀನಿನ ಮೇಲೇ ಬಿದ್ದರು. ಹೇಳಿದಷ್ಟು ಸಲವೂ ಒಂದೊಂದು ಹೊಸ ಚೂರು ಸೇರುತ್ತಿತ್ತು. ಒಂದು ಬೆಳಿಗ್ಗೆ ಹಾಗೆ ಹೇಳುತ್ತಿರುವಾಗ ಎದುರಿಗಿದ್ದವರ ನಗು ಇದ್ದಕ್ಕಿದ್ದಂತೆ ಅರ್ಧಕ್ಕೇ ನಿಂತಿತು. ಹೀರಾ ತಿರುಗಿ ನೋಡಿದರೆ ಹಿಂದೆ ರಂಜನಾ ಚೀಲ ಹಿಡಿದು ನಿಂತಿದ್ದಳು. ಅವಳು ಪಕ್ಕದವಳ ಹತ್ತಿರ ತಾರ್ಲೆ ಮೀನು ಕೊಂಡುಕೊಂಡು ಹೋದಳು. ಬಯ್ದಿದ್ದರೆ ಹೀರಾ ನಾಲ್ಕರಷ್ಟು ತಿರುಗಿ ಬಯ್ದು ಮುಗಿಸುತ್ತಿದ್ದಳು. ಆ ತಾರ್ಲೆಯನ್ನು ಇವತ್ತಿಗೂ ಮುಗಿಸಲಾಗಿರಲಿಲ್ಲ. ಅಂದಿನಿಂದ ರಂಜನಾ ಪೇಟೆಗೆ ಬಂದಿಲ್ಲ, ಗಂಡನನ್ನು ಕಳಿಸುತ್ತಾಳೆ. ಅಂದಿನಿಂದಲೇ ಹೀರಾಳ ಕೈಗೂ ಈ ಕುತ್ತಿಗೆಯ ರೋಗ. ಬೈಕಿನ ಮೇಲೆ ಇಬ್ಬರು ಕಂಡರೆ ಸಾಕು, ಗಟಾರ ದಾಟಿಯಾದರೂ ಆಚೆ ನಿಲ್ಲುತ್ತಾಳೆ. ಸರ ಹೋದರೆ ಹೋದೀತು, ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ತಾನು ಹೇಳಿದ್ದ ಅದೇ ಕಥೆಯನ್ನು, ಅದೇ ಕುಂಕುಮ, ಅದೇ ಆಸರಿಗೆ, ಬರೀ ಹೆಸರೊಂದನ್ನು ಬದಲಿಸಿ ನಾಳೆ ಪೇಟೆಯವರು ಹೇಳುತ್ತಾರೆ.

ಸುರಂಗ ಮುಗಿದು ಕಣ್ಣಿಗೆ ಬಿಸಿಲು ಹೊಡೆಯಿತು. ಎದುರು ಸೀಟಿನ ಹುಡುಗಿ ಚೂಡಿಯ ವೇಲನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ಮುಖ ಹಾಕಿದ್ದಳು. ಹೀರಾಳ ಕಾಲ ಬುಡದಲ್ಲಿ ಒಣಮೀನಿನ ಬುಟ್ಟಿ. ಬಂಗಡೆ, ಶೆಟ್ಲಿ ಅನ್ನುವ ಸಿಗಡಿ, ಕೆಳಗೆ ಒಂದಿಷ್ಟು ಮೋರಿ ಮೀನು. ಮುಖ ನೋಡಿ ಮನುಷ್ಯರನ್ನು ಅಳೆಯುವವರು ಇರಬಹುದು, ಹೀರಾ ಇಡೀ ಆಯುಷ್ಯ ಅಳೆದದ್ದು ಮೂಗು ನೋಡಿ. ಮೊದಲು ಮೂಗಿನ ತುದಿ ಮೇಲೇಳುತ್ತದೆ, ಆಮೇಲೆ ತುಟಿ, ಆಮೇಲೆ ಕೈ ಕರವಸ್ತ್ರ ಹುಡುಕುತ್ತದೆ. ಮನೆಯಲ್ಲಿ ಅವಳು ಸಂತೆಯಿಂದ ಬಂದ ಹೊತ್ತಿಗೇ ಸರಿಯಾಗಿ ಸೊಸೆಗೆ ದೇವರ ನೆನಪಾಗಿ ಊದುಬತ್ತಿ ಹಚ್ಚುತ್ತಾಳೆ. ಕಂಡಕ್ಟರ್ ಹತ್ತುವಾಗಲೇ ಹೇಳಿದ್ದ: "ಅಜ್ಜಿ, ಹಿಂದೆ ಹೋಗಿ ಕೂತ್ಕ. ಸರ್ಕಾರ ನಿಂಗೆ ಪುಕ್ಕಟೆ ಮಾಡಿದ್ದು, ನಿನ್ನ ಮೀನಿಗಲ್ಲ." ಇಡೀ ಬಸ್ಸು ನಕ್ಕಿತ್ತು. "ನಿನ್ನ ಮದ್ವಿ ಊಟಕ್ಕೆ ಬಂದ್ರೆ ಮೀನನ್ನೇ ಮುಂದೆ ಕೂರ್ಸ್ತಿಯಲ್ಲೋ," ಎಂದು ಅವಳೂ ಅಂದು ನಕ್ಕಿದ್ದಳು. ನಗು ಇಳಿದ ಮೇಲೆ ಹಿಂದಿನ ಸೀಟಿಗೇ ಹೋಗಿ ಕೂತಿದ್ದಳು.

ಕಾರವಾರದ ಸ್ಟ್ಯಾಂಡಿನಲ್ಲಿ ಇಳಿದು, ಬುಟ್ಟಿಯನ್ನು ಎಳೆದು ಒಂದು ಕಂಬದ ನೆರಳಿಗೆ ಹಾಕಿ, ಹೀರಾ ಸಿಂಬೆ ಸುತ್ತತೊಡಗಿದಳು. ಇಲ್ಲಿಂದ ಸಂತೆಗೆ ತಲೆಯ ಮೇಲೆಯೇ ಒಯ್ಯಬೇಕು. ತುಂಬಿದ ಬುಟ್ಟಿಯನ್ನು ಒಬ್ಬಳೇ ಎತ್ತಿ ತಲೆಗೆ ಇಟ್ಟುಕೊಳ್ಳುವುದು ಭೀಮನ ತಾಯಿಗೂ ಆಗದ ಕೆಲಸ. ಅದಕ್ಕೇ ಮೀನು ಹೊರುವ ಹೆಂಗಸರಲ್ಲಿ ಒಂದು ನಡವಳಿಕೆ ಇದೆ. ದಾರಿಯಲ್ಲಿ ಯಾರೇ ಹೋಗುತ್ತಿರಲಿ, ಮಾಸ್ತರರೋ, ವಕೀಲರೋ, ಕುಡಿದು ತೂರಾಡುವವನೋ, 'ಒಂದ್ ಕೈ ಕೊಡ್ರಾ' ಅಂದರೆ ಅವರು ನಿಂತು ಎತ್ತಿ ಕೊಡಬೇಕು, ಅವರು ಯಾರು ಏನೆಂದು ಇವಳು ಕೇಳಬಾರದು. ಕೇಳದೆಯೇ ಬಂದು ಕೈ ಹಚ್ಚಿದವರನ್ನು ಬೇಡ ಅನ್ನಲೂಬಾರದು. ಇಷ್ಟು ವರ್ಷ ಹೀಗೆ ಊರ ಮೇಲಿನ ಗಂಡಸರ ಕೈಯೆಲ್ಲ ಬುಟ್ಟಿಗೆ ತಾಗಿ ಹೋಗಿತ್ತು, ಒಬ್ಬರ ಮುಖವೂ ನೆನಪಿಲ್ಲ. ಆದರೆ ಎತ್ತುವ ಆ ಹೊತ್ತಿನಲ್ಲಿ ಎರಡೂ ಕೈ ಮೇಲೆ, ಎದುರಿನವನ ಮುಖ ಒಂದು ಗೇಣಿನಲ್ಲಿ, ಕುತ್ತಿಗೆಯನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಎಂಬುದು ರಂಜನಾಳ ಜಲ್ಲಿಕಲ್ಲಿನ ತನಕ ಅವಳಿಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಬುಟ್ಟಿ ಚಿಕ್ಕದಾಗಿತ್ತು. ಇವತ್ತು ಮಾತ್ರ, ಆಯ್ತವಾರದ ಸಂತೆಯಲ್ಲವೇ ಎಂದು ಆಸೆ ಬಿದ್ದು ತುಂಬಿದ್ದಳು.

ಬಗ್ಗಿದ್ದವಳ ಮೇಲೆ ನೆರಳು ಬಿತ್ತು. ಬುಟ್ಟಿಯ ಅಂಚಿನ ಮೇಲೆ ಒಂದು ಕಪ್ಪು, ಒರಟು ಕೈ ಬಂದು ಕೂತಿತು.

"ಏ! ತೆಗ್ಯೋ ಕೈ! ಯಾರೋ ನೀನು? ಹಿಂದ್ ಸರಿ, ಸರೀ ಅಂದೆ!"

ಆ ದನಿಗೆ ಕಡಲ ನಡುವಿನ ಕೂರ್ಮಗಡದ ಕಾಗೆಗಳೂ ಎದ್ದಿರಬೇಕು. ಶೇಂಗಾ ಮಾರುವವನು, ಪೇಪರ್ ಓದುತ್ತಿದ್ದವರು, ಹೊರಡಬೇಕಾಗಿದ್ದ ಕೈಗಾ ಬಸ್ಸಿನ ಕಿಟಕಿಯ ತಲೆಗಳು, ಎಲ್ಲವೂ ಇತ್ತ ತಿರುಗಿದವು. ಕೈ ಸುಟ್ಟವನಂತೆ ಹಿಂದೆ ಸರಿದು ನಿಂತಿದ್ದವನ ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಯಡಿಕೆ.

"ನಾ ಹುಲಿಯಾ ಅಲ್ದೆ, ಹೀರಕ್ಕ? ನಿಮ್ಮನಿಗೆ ಹರ್ಗಿ ಸೊಪ್ಪು ಕೊಟ್ಟು ಮೀನು ಒಯ್ಯೂ ಹುಲಿಯಾ. ಕಣ್ಣಿಗೆ ಪೊರೆ ಬಂತನೇ ನಿಂಗೆ?"

ಹುಲಿಯಾನೇ. ತುಳಸಿದಾಸನ ಹೆಣಕ್ಕೆ ಹೆಗಲು ಕೊಟ್ಟಿದ್ದವನು. ಹೀರಾ ನಗಲು ನೋಡಿದಳು, ತುಟಿ ಏಳಲಿಲ್ಲ. ಅವನು ಜನರನ್ನು ಒಮ್ಮೆ ನೋಡಿದ, ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. "ಈ ಪ್ರಾಯದಾಗೆ ನಂಗೆ ಕಳ್ಳ ಮಾಡ್ಬಿಟ್ಟೆ, ಮಾರಾಯ್ತಿ," ಅಂದು ಕಂಬಳಿ ಏರಿಸಿಕೊಂಡು ಅಂಕೋಲೆಯ ಬಸ್ಸಿನ ಕಡೆ ನಡೆದ. ಕರೆಯಬೇಕಿತ್ತು. ಬೈದು ಓಡಿಸುವ ದನಿ ಅವಳ ಹತ್ತಿರ ಬೇಕಾದಷ್ಟಿತ್ತು, ವಾಪಸು ಕರೆಯುವ ದನಿಯನ್ನು ಎಲ್ಲಿಟ್ಟಿದ್ದಾಳೆಂದು ಹುಡುಕುವಷ್ಟರಲ್ಲಿ ಅವನು ಬಸ್ಸು ಹತ್ತಿಯಾಗಿತ್ತು. ಜನ ಇನ್ನೂ ನೋಡುತ್ತಲೇ ಇದ್ದರು. ಈಗ ಯಾರನ್ನು ಕರೆದು 'ಒಂದ್ ಕೈ ಕೊಡ್ರಾ' ಅನ್ನುವುದು? ಕೈ ಕೊಟ್ಟವನಿಗೆ ಏನಾಯಿತೆಂದು ಇಡೀ ಸ್ಟ್ಯಾಂಡು ಕಂಡಿತ್ತು. ಹೀರಾ ಸಿಂಬೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ಬೇಜಾರು ಮಾಡ್ಕೋಬೇಡಿ, ಅಮ್ಮಾ. ಈಗಿನ ಕಾಲದಲ್ಲಿ ಹಾಗೆ ಹುಷಾರಾಗಿ ಇರೋದೇ ಸರಿ."

ಇಸ್ತ್ರಿ ಮಾಡಿದ ನೀಲಿ ಅಂಗಿ. ಕುತ್ತಿಗೆಗೆ ಪಟ್ಟಿಯಲ್ಲಿ ನೇತಾಡುವ ಗುರುತಿನ ಚೀಟಿ, ಕಂಕುಳಲ್ಲಿ ಒಂದು ಫೈಲು. ಬೈಕಿಲ್ಲ, ಜೊತೆಗೊಬ್ಬನಿಲ್ಲ. ಹೀರಾ ಮೊದಲು ಇವೆರಡನ್ನೇ ನೋಡಿದ್ದು. ಅವನು ದೂರ ನಿಲ್ಲಲಿಲ್ಲ. ಬುಟ್ಟಿಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ಮುಖ ನೇರವಾಗಿ ಮೀನಿನ ಮೇಲೆ. ಹೀರಾ ಕಣ್ಣು ಕೀಲಿಸಿ ಅವನ ಮೂಗನ್ನು ಕಾದಳು. ಮೂಗಿನ ತುದಿ ಏಳಲಿಲ್ಲ. ತುಟಿ ಅಲ್ಲಾಡಲಿಲ್ಲ. "ಒಣ ಬಂಗಡೆನಾ? ಏನ್ ಘಮ, ಅಮ್ಮಾ!" ಎಂದ. ಘಮ! ತುಳಸಿದಾಸ ಕೂಡ ಎಂದೂ ಅನ್ನದ ಮಾತು. ಬಸ್ಸಿನ ಹುಡುಗಿ, ಸೊಸೆಯ ಊದುಬತ್ತಿ, ಕಂಡಕ್ಟರನ ನಗು, ಎಲ್ಲದರ ಮೇಲೂ ಯಾರೋ ತಣ್ಣೀರು ಹೊಯ್ದು ತೊಳೆದ ಹಾಗಾಯಿತು. ಒಳಗೆಲ್ಲೋ ಒಂದು ಸಣ್ಣ ಸಂಶಯ ಕೂತೇ ಇತ್ತು. ಆದರೆ ಈಗಷ್ಟೇ ಒಬ್ಬ ಒಳ್ಳೆಯವನನ್ನು ನಾಯಿ ಓಡಿಸಿದಂತೆ ಓಡಿಸಿದ್ದಳಲ್ಲ, ಇನ್ನೊಬ್ಬ ಒಳ್ಳೆಯವನನ್ನೂ ಓಡಿಸುವ ಧೈರ್ಯ ಅದಕ್ಕಿರಲಿಲ್ಲ.

"ಮೀನು ಮಾರೋ ಹಿರಿಯ ಹೆಂಗಸರಿಗೆ ಒಂದು ಹೊಸ ಯೋಜನೆ ಬಂದಿದೆ, ಅಮ್ಮಾ. ತಿಂಗಳು ತಿಂಗಳು ಬರುತ್ತೆ. ನಿಮ್ಮ ಹೆಸರು ನಾನೇ ಹಾಕ್ತೀನಿ. ಒಂದು ಫೋಟೋ ಸಾಕು."

"ಫೋಟೋನಾ? ಈ ಮೋರಿಗೆ?" ಅವಳು ಸೆರಗು ಸರಿಮಾಡಿಕೊಂಡಳು. "ಬುಟ್ಟೀಲಿ ಇದ್ದ ಮೋರಿ ಮೀನೇ ಚಂದ ಕಾಣ್ತದ್ರಾ ನನ್ಕಿಂತ."

ಅವನು ನಕ್ಕು ಮೊಬೈಲು ಎತ್ತಿದ. ನೋಡಿದ. ಇಳಿಸಿದ. "ಒಂದೇ ತೊಂದರೆ. ಸರ. ಬಂಗಾರ ಹಾಕಿರೋ ಫೋಟೋ ಹೋದ್ರೆ ಮೇಲಿನವರು, ಇವರು ಬಡವರೇ ಅಲ್ಲ ಅಂತ ತೆಗೆದುಹಾಕ್ತಾರೆ. ಒಂದು ನಿಮಿಷ ತೆಗೀತೀರಾ?"

ಅವನೇನೂ ಕೈ ಚಾಚಿರಲಿಲ್ಲ. ಕೈ ಚಾಚಿದರೆ ಕಚ್ಚಲು ಎಷ್ಟು ದಿನದಿಂದ ಹಲ್ಲು ಮಸೆದು ಕೂತಿದ್ದಳು! ಇವನು ನೀವೇ ತೆಗೆಯಿರಿ ಅನ್ನುತ್ತಾನೆ. ತನ್ನ ಕುತ್ತಿಗೆ, ತನ್ನ ಕೈ, ನಡುವೆ ಪರರು ಯಾರೂ ಇಲ್ಲ. ರಂಜನಾಳ ಕಳ್ಳರು ಪೊಲೀಸರಾಗಿ ಬಂದಿದ್ದರು, ಇವನು ಪೊಲೀಸನಲ್ಲ. ಅವರು ಹೆದರಿಸಿದ್ದರು, ಇವನು ಅಮ್ಮಾ ಅನ್ನುತ್ತಿದ್ದಾನೆ. ಹೀಗೆ ಒಂದೊಂದಾಗಿ ಹೊಂದಿಸುತ್ತಿರುವಾಗಲೇ ಅವಳ ಬೆರಳುಗಳು ಹಿಂದೆ ಹೋಗಿ ಕೊಕ್ಕೆ ಹುಡುಕಿ ಬಿಚ್ಚಿಬಿಟ್ಟಿದ್ದವು. ಸರ ಅಂಗೈಗೆ ಇಳಿಯಿತು. ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಬರಿದಾದ ಜಾಗಕ್ಕೆ ಕಡಲ ಕಡೆಯ ಗಾಳಿ ಬಂದು ತಾಗಿತು. ಅವನು ಫೈಲಿನಿಂದ ಒಂದು ಬಿಳಿ ಕಾಗದ ತೆಗೆದು ಅಂಗೈ ಮೇಲೆ ಬಿಡಿಸಿ ಹಿಡಿದ. "ಇದರಲ್ಲಿ ಇಡಿ, ಬಿದ್ದುಗಿದ್ದು ಹೋದೀತು." ಕಾಗದ. ಹೀರಾಳ ತಲೆಯೊಳಗೆ ಜಲ್ಲಿ ಗರಗರ ಅಂದಿತು. ಅವಳೇ ಅದನ್ನು ಸುಮ್ಮನಾಗಿಸಿದಳು. ರಂಜನಾಳದ್ದು ಹಳೇ ಪೇಪರಿನ ತುಂಡು, ಇದು ಬಿಳಿ, ಸರ್ಕಾರದ್ದೇ ಇರಬೇಕು.

ಆಗ ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಬೇರೆ ಹೆಂಗಸರಿಗೆ ಹೇಳ್ಬೇಡಿ, ಅಮ್ಮಾ. ಇನ್ನು ಒಂದೇ ಹೆಸರಿಗೆ ಜಾಗ ಇರೋದು. ನಿಮಗೋಸ್ಕರ ಅಂತ ಇಟ್ಟಿದ್ದೀನಿ."

ಕಾಗದದ ಮೇಲೆ ಹೋಗಿದ್ದ ಮುಷ್ಟಿ ಅಲ್ಲೇ ನಿಂತಿತು. ಮೀನು ಪೇಟೆಯಲ್ಲಿ ದನಿ ತಗ್ಗುವುದು ಒಂದೇ ಹೊತ್ತಿನಲ್ಲಿ. ತಾಜಾ ಮೀನನ್ನು ಕೂಗಿ ಕೂಗಿ ಮಾರುತ್ತಾರೆ. ಕಿವಿರು ಕಂದಿದ್ದನ್ನು ಮಾತ್ರ ಗಿರಾಕಿಯ ಕಿವಿಯ ಹತ್ತಿರ ಬಾಗಿ, 'ಅವ್ರಿಗೆ ಕೊಡ್ಲಿಲ್ಲ, ನಿಮಗಾಗೇ ಇಟ್ಟೆ' ಅನ್ನುತ್ತಾರೆ. ಹೀರಾ ಅಂದಿದ್ದಳು. ಆಯುಷ್ಯದಲ್ಲಿ ಲಕ್ಷ ಸಲ ಅಂದಿದ್ದಳು. ಅದೇ ಬಾಗುವಿಕೆ, ಅದೇ ನಗು, ಮೂಗು ಅಲ್ಲಾಡದ ಅದೇ ಮುಖ, ಹಾಳಾದ ಮೀನನ್ನು ಕೈಯಲ್ಲಿ ಹಿಡಿದಾಗ ತನ್ನ ಮುಖ ಹೊರಗಿನಿಂದ ಹೀಗೇ ಕಾಣುತ್ತಿತ್ತೇ? ಕಳ್ಳ ಎಂದು ಕೂಗಬೇಕು. ಕೂಗಲು ಬಾಯಿ ತೆರೆದರೆ ಎದುರಿಗೆ ಹುಲಿಯಾನ ಮುಖ. ಇವನೂ ಕಳ್ಳನಲ್ಲದಿದ್ದರೆ? ಬಾಯಿಂದ ಬಂದದ್ದು ಬೇರೆಯೇ ಮಾತು.

"ಏನಂದ್ರಿ? ಕಿವಿ ಮಂದ ನಂಗೆ. ಸ್ವಲ್ಪ ಗಟ್ಟಿ ಹೇಳಿ."

"ಅದೇ ಅಮ್ಮಾ, ಸರ..."

"ಸರ ಬಿಚ್ಚಿ ಕಾಗದದಾಗೆ ಇಡೂದಾ?" ಎಂದು ಹೀರಾ ಶೇಂಗಾದವನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದಳು.

"ಮೆಲ್ಲಗೆ, ಅಮ್ಮಾ. ಯಾಕೆ ಕೂಗ್ತೀರಾ?"

"ನಾ ಕೂಗೂದಿಲ್ರಾ, ನೀವ್ ಅಂದದ್ದೇ ಹೇಳ್ತೆ." ಈಗ ದನಿ ಕೈಗಾ ಬಸ್ಸಿಗೂ ಮುಟ್ಟಿತು. "ಬಂಗಾರ ಬಿಚ್ಬೇಕು! ನಿಮ್ಮ ಕೈಯಾಗಿದ್ದ ಕಾಗದದಾಗೆ ಇಡ್ಬೇಕು! ಯಾರಿಗೂ ಹೇಳೂಕಿಲ್ಲ! ಸರಿ ಅದ್ಯಾ? ಎಂತಾದ್ರೂ ಬಿಟ್ಟೆನಾ?"

ಪೇಪರುಗಳು ಇಳಿದವು. ಅವನ ನಗು ಮುಖದ ಮೇಲೆ ಹಾಗೇ ಇತ್ತು, ಆ ನಗುವಿನ ಹಿಂದೆ ಯಾರೂ ಇರಲಿಲ್ಲ. "ಅಮ್ಮಾ, ಬೇಡ ಅಂದ್ರೆ ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳಿದ್ದು."

"ಎಂತಕ್ಕೆ ಬೇಡ? ಬೇಕು! ನಡೀರಿ, ನಿಮ್ಮ ಆಫೀಸಿಗೆ ಹೋಗೂವಾ. ಸಾಹೇಬ್ರ ಮುಂದೇ ಇಡ್ತೆ."

"ಇವತ್ತು ಆಫೀಸು ರಜಾ, ಭಾನುವಾರ."

"ಆಫೀಸು ರಜಾ, ನೀವು ಕೆಲ್ಸಕ್ಕೆ! ಸೋಮಾರ ದಿವ್ಸನೇ ಕುರ್ಚೀಲಿ ಸಿಕ್ಕೂದಿಲ್ಲ, ಆಯ್ತಾರ ದಿವ್ಸ ಸರ್ಕಾರ ನನ್ನ ಬುಟ್ಟಿ ಹುಡ್ಕಂಡು ಬಂತನ್ರಾ!"

ಯಾರೋ ನಕ್ಕರು. ಕೈಗಾ ಬಸ್ಸಿನ ಡ್ರೈವರ್ ಕೆಳಗಿಳಿದು ಇತ್ತ ಬರತೊಡಗಿದ. ನೀಲಿ ಅಂಗಿಯವನು ಎದ್ದು, ಕಾಗದವನ್ನು ಸಾವಕಾಶವಾಗಿ ಮಡಿಸಿ ಫೈಲಿನೊಳಗಿಟ್ಟು, "ಒಳ್ಳೇದಕ್ಕೆ ಕಾಲ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಅಂದು ನಡೆದ. ಓಡಲಿಲ್ಲ. ಓಡಿದ್ದರೆ ಚೆನ್ನಾಗಿತ್ತು. ಯಾರೂ ಬೆನ್ನು ಹತ್ತಲಿಲ್ಲ, ಕಳ್ಳ ಎಂದು ಅವಳು ಅನ್ನಲೇ ಇಲ್ಲವಲ್ಲ. ಅವನು ಗೇಟು ದಾಟಿ ಎಡಕ್ಕೆ ತಿರುಗುವ ತನಕ ಹೀರಾ ನೋಡಿದಳು. ಆಮೇಲೆ ಸಿಂಬೆಯನ್ನು ತಲೆಗೆ ಇಟ್ಟುಕೊಂಡಳು. ಡ್ರೈವರನೇ ಬುಟ್ಟಿ ಎತ್ತಿ ಕೊಟ್ಟ. ಮುಖವನ್ನು ಪೂರ್ತಿ ಆಚೆ ತಿರುಗಿಸಿ, ಮೂಗನ್ನು ಇಷ್ಟು ಸಣ್ಣ ಮಾಡಿ, ಉಸಿರು ಬಿಗಿಹಿಡಿದು ಎತ್ತಿ ಕೊಟ್ಟ.

ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯ ಮುಷ್ಟಿಯಲ್ಲಿ ಸರ. ಸಂತೆಯ ದಾರಿ ಪೂರ್ತಿ ಅವಳು ಕಥೆ ಕಟ್ಟಿದಳು. ಅವನು ತೆಂಗಿನ ಮರದಷ್ಟು ಎತ್ತರ. ಕುತ್ತಿಗೆಗೆ ಕೈ ಹಾಕಿದ. ಇವಳು ಬಂಗಡೆಯಿಂದಲೇ ಅವನ ಕೆನ್ನೆಗೆ ಬಾರಿಸಿದಳು. ಪ್ರತಿ ತಿರುವಿನಲ್ಲಿ ಕಥೆ ದಪ್ಪವಾಗುತ್ತಿತ್ತು, ಪ್ರತಿ ತಿರುವಿನಲ್ಲಿ ಮುಷ್ಟಿಯೊಳಗಿನ ಕೊಕ್ಕೆ ಅಂಗೈಗೆ ಚುಚ್ಚುತ್ತಿತ್ತು. ಒಂದು ವೇಳೆ ಅವನು ನಿಜವಾಗಿಯೂ ಯಾವುದೋ ಆಫೀಸಿನವನೇ ಆಗಿದ್ದರೆ? ಬೆಳಗಾದ ಮೇಲೆ ಇಬ್ಬರನ್ನು ಓಡಿಸಿದ ಹಾಗಾಯಿತು. ಇರಲಾರದು. ಇದ್ದರೆ? ಬಿಚ್ಚಿದ್ದನ್ನು ಯಾರೂ ಕಂಡಿಲ್ಲ, ಅದೊಂದು ಸಮಾಧಾನ. ಆ ಸಮಾಧಾನದ ವಾಸನೆ ಮಾತ್ರ ಅವಳ ಮೂಗಿಗೇ ಹಿಡಿಸಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಸಂತೆಗೆ ಬಂದು ಕೂತಿತ್ತು. ಒಣಮೀನಿನ ಸಾಲಿನಲ್ಲಿ ಅವಳ ಪಕ್ಕಕ್ಕೆ ಯಾವಾಗಲೂ ಅಂಕೋಲೆಯ ನಾಗಮ್ಮ ಕೂರುತ್ತಾಳೆ, ಹೀರಾಳಿಗಿಂತ ಹಿರಿಯಳು. ಆಚೆ ಈಚೆಯವರೆಲ್ಲ ಬುಟ್ಟಿ ಬಿಟ್ಟು ಹತ್ತಿರ ಸರಿದರು. "ಹೇಳೇ ಹೀರಕ್ಕ, ಸ್ಟ್ಯಾಂಡಾಗೆ ಯಾರ್ದೋ ನೀರಿಳ್ಸಿದ್ಯಂತೆ!"

"ಅಂವ ಬಂದ," ಎಂದು ಹೀರಾ ಶುರುಮಾಡಿದಳು. "ತೆಂಗಿನ ಮರದಷ್ಟು ಎತ್ತರ." ಹೆಂಗಸರು ಗಟ್ಟಿಯಾಗಿ ಕೂತರು. ಕಣ್ಣುಗಳು ಆಗಲೇ ನಗಲು ತಯಾರಾಗಿದ್ದವು.

"ಸರಕ್ಕೆ ಕೈ ಹಾಕ್ದ್ನಾ?"

ಹೂಂ ಅಂದಿದ್ದರೆ ಮುಂದಿನದೆಲ್ಲ ತಾನಾಗಿಯೇ ಉರುಳುತ್ತಿತ್ತು. ಬಂಗಡೆ ಕೆನ್ನೆಗೆ ಬೀಳಲು ತುದಿಗಾಲಲ್ಲಿ ನಿಂತಿತ್ತು. ಹೀರಾಳ ಬಾಯಿ ತೆರೆದೇ ಇತ್ತು. ಎದುರಿಗಿನ ಮುಖಗಳ ಹಿಂದೆ, ಚೀಲ ಹಿಡಿದು ಯಾರೋ ನಿಂತಿದ್ದಾರೆ ಅನ್ನಿಸಿ ನೋಡಿದಳು. ಯಾರೂ ಇರಲಿಲ್ಲ.

"ಇಲ್ಲ," ಅಂದಳು. "ಅಂವ ಮುಟ್ಲೇ ಇಲ್ಲ. ನಾನೇ ಬಿಚ್ದೆ."

ಮುಷ್ಟಿ ತೆರೆದಳು. ಸರ ಅಂಗೈಯಲ್ಲಿ ಮುದುಡಿ ಕೂತಿತ್ತು, ಸುತ್ತಲೂ ಅದರ ಅಚ್ಚು ಕೆಂಪಗೆ. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬಳು ಕಿಸಕ್ಕೆಂದಳು. "ಅಯ್ಯಯ್ಯೋ, ರಂಜನಾಗೆ ಕಲ್ಲಾದ್ರೂ ಸಿಕ್ಕಿತ್ತು!" ಅಂದಳು ಇನ್ನೊಬ್ಬಳು, ಇಡೀ ಸಾಲು ಉರುಳಿ ಉರುಳಿ ನಕ್ಕಿತು. ಹೀರಾ ಆ ನಗುವನ್ನು ಕೂತು ಕೇಳಿದಳು. ಅದರ ಏರು, ಇಳಿತ, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲವೂ ಅವಳೇ ಕಲಿಸಿದ್ದು.

ನಾಗಮ್ಮ ನಗುತ್ತಿರಲಿಲ್ಲ.

"ನೀಲಿ ಅಂಗಿನಾ?" ಎಂದು ಕೇಳಿದಳು. "ಫೋಟೋ ಹೊಡೀತೆ ಅಂದ್ನಾ? ಮೀನಿಗೆ ಘಮ ಅಂದ್ನಾ?"

"ಹೂಂ," ಅಂದಳು ಹೀರಾ. ಎದೆಯ ಮೇಲಿನ ಒಂದು ಭಾರ ಇಳಿಯಿತು. ಅವನು ಕಳ್ಳನೇ. ಇಳಿದ ಜಾಗಕ್ಕೆ ಇನ್ನೇನೋ ಬರುತ್ತಿರುವುದು ಕಾಣುತ್ತಿತ್ತು. "ನಿಂಗೆ ಹ್ಯಾಂಗೆ ಗೊತ್ತು?"

ನಾಗಮ್ಮ ತಲೆಯ ಮೇಲಿನ ಸೆರಗನ್ನು ಸರಿಸಿದಳು. ಗಾಳಿಗೆ ಕಿವಿ ಸೆಳೆಯುತ್ತದೆ ಎಂದು ಹೇಳಿ ದಿನವೂ ಬಿಗಿಯಾಗಿ ಹೊದ್ದು ಕೂರುತ್ತಿದ್ದಳು. ಎರಡೂ ಕಿವಿ ಬೋಳು. ಬಂಗಾರ ಜೋತಿದ್ದ ಉದ್ದ ತೂತುಗಳು ಮಾತ್ರ ಉಳಿದಿದ್ದವು. ನಗು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಬಾಯಲ್ಲಿ ಆರಿತು.

"ಯಾವಾಗೆ?"

"ದೀಪಾವಳಿ ಮುಂದೆ."

"ಅಗೆ ನಾಗಕ್ಕ!" ಹೀರಾಳಿಗೆ ಸಿಟ್ಟೇ ಬಂತು. "ಅಷ್ಟು ದಿವ್ಸದಿಂದ ಬಾಯ್ಗೆ ಬೀಗ ಹಾಕ್ಕಂಡು ಕೂತಿದ್ಯಾ? ನೀ ಒಂದ್ ಮಾತು ಅಂದಿದ್ರೆ ನಾ ಇವತ್ತು ಕೊಕ್ಕೆಗೆ ಕೈ ಹಾಕ್ತಿದ್ನಾ? ಎಂತಕ್ಕೆ ಯಾರಿಗೂ ಹೇಳ್ಲಿಲ್ಲ?"

ನಾಗಮ್ಮ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಯಾರಿಗೆ ಹೇಳೂದಿತ್ತು, ಹೀರಾ? ನಿಂಗಾ?"

ಎದುರಿಗೆ ಒಬ್ಬ ಗಿರಾಕಿ ಬಂದು ನಿಂತು, ಕರವಸ್ತ್ರದೊಳಗಿನಿಂದ ಶೆಟ್ಲಿ ಹೇಗೆ ಎಂದು ಕೇಳುತ್ತಿದ್ದ.